ಚೌಡಮ್ಮಾ, ತೆಗಿ

ಐದನೆಯ ದಿನವೂ ಧನಶೇಖರ್ ಕಂಪ್ಯೂಟರಿಗೆ "ಓಪನ್" ಎಂದು ಹೇಳುತ್ತಲೇ ಇದ್ದ. ಮೊದಲ ದಿನ ಹೊಸ ಸೊಸೆಗೆ ಹೇಳುವಂತೆ ಮೆತ್ತಗೆ ಹೇಳಿದ್ದ, ಮೂರನೆಯ ದಿನ ಸಾಲಿನಲ್ಲಿ ನುಗ್ಗುವವನಿಗೆ ಹೇಳುವಂತೆ. ಐದನೆಯ ದಿನಕ್ಕೆ ಆ ಕೂಗು ಗುಗೈಯ ಕನ್ನಡ ನೇಕಾರರ ಬೀದಿಗಳನ್ನು ದಾಟಿ, ಸೇಲಂ ಪೇಟೆಯನ್ನೆಲ್ಲ ದಾಟಿ, ಏರ್ಕಾಡು ಬೆಟ್ಟಕ್ಕೆ ಬಡಿದು ವಾಪಸು ಬರುತ್ತಿತ್ತು. ಬೆಟ್ಟ ಉತ್ತರ ಕೊಟ್ಟಿತು, ಕಂಪ್ಯೂಟರ್ ಕೊಡಲಿಲ್ಲ.

ಪರದೆಯ ಮೇಲೆ ಬೂದು ಬಣ್ಣದ ಪೆಟ್ಟಿಗೆಗಳು ಒಂದರ ಮೇಲೊಂದು ಕೂತಿದ್ದವು. ಧನಶೇಖರ್ ತಲೆಗೆ ಸಿಕ್ಕಿಸಿಕೊಂಡಿದ್ದ ಮೈಕಿನ ಕಡ್ಡಿ ಅವನ ಮೀಸೆಗೆ ತಾಗುತ್ತಿತ್ತು. ಸೀರೆ ಡಿಸೈನ್ ಬರೆದುಕೊಡುವ ಅವನ ಸೆಂಟರಿಗೆ ಆ ವರ್ಷ, ಅಂದರೆ ತೊಂಬತ್ತಾರರಲ್ಲಿ, ಕೊಯಮತ್ತೂರಿನಿಂದ ಕಂಪ್ಯೂಟರ್ ಬಂದಿತ್ತು. ಅಂಗಡಿಯವನು ಜೊತೆಗೆ ಎರಡು ಫ್ಲಾಪಿ, ಒಂದು ಮೈಕು ಕೊಟ್ಟು, ಬಾಯಲ್ಲಿ ಹೇಳಿದರೆ ಸಾಕು, ಪೆಟ್ಟಿಗೆ ತಾನೇ ತೆರೆಯುತ್ತದೆ, ಪಟ್ಟಿ ತಾನೇ ಇಳಿಯುತ್ತದೆ, ಮೌಸು ಮುಟ್ಟುವ ಕೆಲಸವೇ ಇಲ್ಲ ಎಂದು ಹೇಳಿ ಕಳಿಸಿದ್ದ. ಇಡೀ ತಮಿಳುನಾಡಿನಲ್ಲಿ ಅಂಥದ್ದು ಅದೊಂದೇ ಎಂದು ಧನಶೇಖರ್ ಹೇಳುತ್ತಿದ್ದ. ಅವನು ಸ್ವಲ್ಪ ಸಂಕೋಚದವನು. ಏಷ್ಯಾಕ್ಕೇ ಅದೊಂದೇ.

"ಸರ್, ನೀಂಗ ಬೆಳಗ್ಗೆ ಒಂದು ತರ ಹೇಳ್ತೀರಿ, ಕಾಫಿ ಆದ್ಮೇಲೆ ಒಂದು ತರ ಹೇಳ್ತೀರಿ," ಎಂದಳು ಇಂದುಜಾ. ಡಿಪ್ಲೊಮಾ ಮುಗಿಸಿ ಕಂಪ್ಯೂಟರ್ ನಡೆಸಲು ಬಂದ ಹುಡುಗಿ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕಲಿತದ್ದು ಕನ್ನಡ. "ಕಲಿಸುವಾಗ ಯಾವ ತರ ಹೇಳಿದ್ರೋ ಅದೇ ತರ ಹೇಳ್ಬೇಕು. ಅದಕ್ಕೆ ಭಾಷೆ ಗೊತ್ತಿಲ್ಲ. ಸದ್ದು ಮಾತ್ರ ಗೊತ್ತು."

"ನನ್ನ ಸದ್ದಿಗೆ ಏನಮ್ಮಾ ಕೊರತೆ?"

"ಕೊರತೆ ಇಲ್ಲ ಸರ್. ಜಾಸ್ತಿ."

ಅದೇ ಕೋಣೆಯ ಮೂಲೆಯಲ್ಲಿ, ಚಾಪೆಯ ಮೇಲೆ ಕುಳಿತು ಮುತ್ತಮ್ಮ ಕೂಗುತ್ತಿದ್ದಳು. "ಮೂರು ಬಿಡು. ಎರಡು ಹೊಡಿ. ಎಂಟು ಬಿಡು. ಒಂದು ಹೊಡಿ." ಅವಳ ಮುಂದೆ ಚೌಕುಳಿ ಕಾಗದದ ಮೇಲೆ ಬರೆದ ಹೂವಿನ ಬಳ್ಳಿ. ಎದುರಿಗೆ ಅವಳ ಮೈದುನ ನಂಜಯ್ಯ, ಅವನ ತೊಡೆಯ ಮೇಲೆ ರಟ್ಟಿನ ಪಟ್ಟಿ, ಕೈಯಲ್ಲಿ ಉಳಿ. ನೇಕಾರರು ಆ ಪಟ್ಟಿಗೆ ಅಟ್ಟೆ ಎನ್ನುತ್ತಾರೆ. ಮುತ್ತಮ್ಮ ಹೊಡಿ ಎಂದಲ್ಲಿ ನಂಜಯ್ಯ ತೂತು ಹೊಡೆಯಬೇಕು, ಬಿಡು ಎಂದಲ್ಲಿ ಬಿಡಬೇಕು. ಅಂಥ ನೂರಾರು ಅಟ್ಟೆಗಳನ್ನು ದಾರದಲ್ಲಿ ಪೋಣಿಸಿ ಮಗ್ಗದ ಮೇಲೆ ತೂಗುಹಾಕಿದರೆ, ತೂತಿಗೊಂದು ಎಳೆ ಎದ್ದು ಸೀರೆಯಲ್ಲಿ ಹೂವು ಏಳುತ್ತದೆ. ಒಂದು ತೂತು ತಪ್ಪಿದರೆ ನವಿಲಿಗೆ ಮೂರು ಕಾಲು. ಹಾಗೆ ಮೂರು ಕಾಲಿನ ನವಿಲು ಉಟ್ಟುಕೊಂಡು ಮದುವೆಯಾದವರು ಈರೋಡಿನ ಕಡೆ ಈಗಲೂ ಇದ್ದಾರೆ. ಅವರ ಸೀರೆ ಕೂಗಿದ್ದು ಮುತ್ತಮ್ಮನಲ್ಲ.

ಕೂಗುವವರ ಗಂಟಲು ಏರಬಾರದು, ಇಳಿಯಬಾರದು. ನಡುವೆ ಬೇರೆ ಮಾತು ಆಡಬಾರದು, ಆಡಿದರೆ ಹೊಡೆಯುವವನ ಕೈ ಅದನ್ನೂ ಹೊಡೆದುಬಿಡುತ್ತದೆ. ಮುತ್ತಮ್ಮನ ಗಂಟಲು ತೊಪ್ಪೂರು ಘಟ್ಟ ಹತ್ತುವ ಲೋಡ್ ಲಾರಿಯ ಹಾಗೆ, ಒಂದೇ ಗೇರಿನಲ್ಲಿ, ಒಂದೇ ವೇಗದಲ್ಲಿ ಬೆಳಗಿನಿಂದ ಸಂಜೆವರೆಗೆ ಏರುತ್ತಿತ್ತು. ಅವಳ ಗಂಡ ಹೋದ ಸುದ್ದಿ ಬಂದಾಗ ಕೈಲಿದ್ದ ಸಾಲು ಮುಗಿಸಿ ಎದ್ದಳು ಎಂದು ಜನ ಹೇಳುತ್ತಾರೆ. ಸುಳ್ಳು. ಎರಡು ಸಾಲು.

ಅವಳಿಗೆ ಆ ಗಂಟಲು ಬಿಟ್ಟರೆ ಬೇರೆ ಇರಲಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಮಗ್ಗಕ್ಕೆ ಹಾಸಿನ ನೂಲು ಸುತ್ತುವ ಮರದ ದಿಂಡು ಜಾರಿ ಎರಡೂ ಮಣಿಕಟ್ಟಿನ ಮೇಲೆ ಬಿದ್ದಿತ್ತು. ಬೆರಳುಗಳು ಉಳಿದವು, ಮಡಚುವುದು ಮರೆತವು. ನೇಕಾರರ ಮನೆಯಲ್ಲಿ ನೇಯದ ಕೈಗೆ ಅನ್ನ ಬಡಿಸುವಾಗ ಸೌಟು ಜೋರಾಗಿ ಸದ್ದು ಮಾಡುತ್ತದೆ. ಆ ಸದ್ದನ್ನು ಅವಳು ಕೂಗಿಯೇ ಅಡಗಿಸಿದ್ದಳು. ಈಗ ನಲವತ್ತೆಂಟು. ಧನಶೇಖರ್ ಆಗಲೇ ಹೇಳಿದ್ದ, ದೀಪಾವಳಿ ಆದ ಮೇಲೆ ಕಂಪ್ಯೂಟರೇ ಸಾಲು ಸಾಲಾಗಿ ಕಾಗದದಲ್ಲಿ ಅಚ್ಚು ಹಾಕಿ ಕೊಡುತ್ತದೆ, ನಂಜಯ್ಯ ನೋಡಿ ಹೊಡೆದುಕೊಳ್ಳುತ್ತಾನೆ, ಕೂಗುವವರು ಬೇಕಾಗಿಲ್ಲ. ಕಂಪ್ಯೂಟರ್ ನಡೆಸುವುದಕ್ಕೆ ಮೌಸು ಹಿಡಿಯಬೇಕು. ಮುತ್ತಮ್ಮನ ಕೈಗೆ ಮೌಸು ಸಿಗುತ್ತಿರಲಿಲ್ಲ, ಮೇಜಿನ ಮೇಲೆ ಜಾರಿ ಓಡುತ್ತಿತ್ತು.

ಧನಶೇಖರ್ ಊಟಕ್ಕೆ ಹೋದ. ಇಂದುಜಾ ಬೇಸರಕ್ಕೋ ತಮಾಷೆಗೋ ಮೈಕನ್ನು ತಂದು ಮುತ್ತಮ್ಮನ ತಲೆಗೆ ಸಿಕ್ಕಿಸಿದಳು. ವೈರು ಗಿಡ್ಡ, ಚಾಪೆಗೆ ಎಟುಕಲಿಲ್ಲ. ಹಾಗಾಗಿ ಮುತ್ತಮ್ಮ ಕಂಪ್ಯೂಟರಿನ ಮುಂದಿನ ಚಕ್ರದ ಕುರ್ಚಿಗೆ ಏರಬೇಕಾಯಿತು.

"ನಂಗ್ಯಾಕಮ್ಮಾ ಇದು. ಕಿವೀಲಿ ಜೇನುಳ ಕುಂತಂಗೆ ಗುಯ್ ಅಂತೈತೆ."

"ಇರಕ್ಕಾ. ಇದು ಡಿಸೈನ್ ಬೀರು ತೆಗೆಯೋದು. ಇದಕ್ಕೆ ಏನಂತ ಹೇಳ್ತೀರ? ಮೂರು ಸಲ ಹೇಳಿ."

"ಇಂಗ್ಲೀಸಾಗಾ?"

"ಎದಾನಾಲುಂ ಸರಿ. ಕನ್ನಡ ಆದ್ರೂ ಸರಿ."

ಮುತ್ತಮ್ಮನಿಗೆ ನಗು ಬಂತು. ರೇಷನ್ ಅಂಗಡಿಯಲ್ಲಿ ನಡೆಯದ, ಬಸ್ಸಿನ ಬೋರ್ಡಿನಲ್ಲಿ ಇಲ್ಲದ, ಮೊಮ್ಮಕ್ಕಳು ಸ್ಕೂಲಿನಲ್ಲಿ ಆಡುವುದಕ್ಕೆ ನಾಚುವ ಮಾತು ಅದು. ಅದನ್ನು ಕೊಯಮತ್ತೂರಿನಿಂದ ಬಂದ ಮಿಷಿನ್ನು ಕೇಳುತ್ತದೆಯಂತೆ. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಕುಲದೇವಿಯ ಹೆಸರು ಹೇಳದೆ ಕೂಗಲು ಶುರು ಮಾಡಿದವಳಲ್ಲ. ಬಾಯಿ ತಾನಾಗಿ ಹೇಳಿತು. "ಚೌಡಮ್ಮಾ, ತೆಗಿ."

"ಅಕ್ಕಾ, ಸಾಮಿ ಹೆಸರು ಬೇಡ. ಅದೂ ಸೇರ್ಕೊಂಡು ರೆಕಾರ್ಡ್ ಆಗುತ್ತೆ."

"ಆಗ್ಲಿ. ಅವ್ಳ ಎಸ್ರು ಬಿಟ್ಟು ನಾನು ಬಾಯಿ ತೆಗ್ಯಲ್ಲ ಕಣಮ್ಮಾ."

ಮೂರು ಸಲ ಹೇಳಿದಳು. ಮೂರು ಸಲವೂ ಒಂದೇ ಅಚ್ಚಿನಲ್ಲಿ ತೆಗೆದಂತೆ ಇತ್ತು. ನಾಲ್ಕನೆಯ ಸಲ ಹೇಳಿದಾಗ ಐದು ದಿನ ಮುಚ್ಚಿಕೊಂಡಿದ್ದ ಪೆಟ್ಟಿಗೆ ಪರದೆಯ ಮೇಲೆ ಪಟ್ಟನೆ ತೆರೆಯಿತು. ಇಂದುಜಾ ಬಾಯಿಗೆ ಕೈ ಹಿಡಿದಳು. ಮೂಲೆಯಲ್ಲಿ ಊಟ ಮಾಡುತ್ತಿದ್ದ ನಂಜಯ್ಯನ ತುತ್ತು ಅರ್ಧ ದಾರಿಯಲ್ಲಿ ನಿಂತಿತು.

"ಅತ್ಗೆ," ಎಂದ ಅವನು, "ನಮ್ಮಣ್ಣ ಬದುಕಿರಗಂಟ ಒಂದ್ ದಿನಾನೂ ಇಷ್ಟು ಬಿರ್ರನೆ ನಿಮ್ ಮಾತು ಕೇಳಿರ್ನಿಲ್ಲ."

ಧನಶೇಖರ್ ವಾಪಸು ಬರುವ ಹೊತ್ತಿಗೆ ಕಂಪ್ಯೂಟರ್ ಹನ್ನೊಂದು ಮಾತು ಕಲಿತಿತ್ತು. ಮುಚ್ಚು. ಇಟ್ಕೊ. ಪಟ್ಟಿ ಇಳಿಸು. ಹಿಂದ್ಕೋಗು. ಮಗ್ಗುಲಾಗು. ಕೇಳುವುದನ್ನು ನಿಲ್ಲಿಸುವುದಕ್ಕೆ ಮಲಕೊ, ಮತ್ತೆ ಕೇಳುವುದಕ್ಕೆ ಎದ್ದು ಬಾ. ಅವನು ಬಾಗಿಲಲ್ಲೇ ನಿಂತು ನೋಡಿದ. ಆಮೇಲೆ ಮೈಕು ಇಸಿದುಕೊಂಡು, ಅದೇ ಮಾತನ್ನು ಅದೇ ಕನ್ನಡದಲ್ಲಿ, ಚೌಡಮ್ಮನನ್ನೂ ಸೇರಿಸಿ ಹೇಳಿನೋಡಿದ. ಕಂಪ್ಯೂಟರ್ ಅವನನ್ನು ಗುರುತು ಹಿಡಿಯಲಿಲ್ಲ.

ದೀಪಾವಳಿ ಬಂತು, ಹೋಯಿತು, ಮುತ್ತಮ್ಮ ಹೋಗಲಿಲ್ಲ. ಇಂದುಜಾ ಕಂಪ್ಯೂಟರಿಗೆ ಮುತ್ತಮ್ಮನ ಗಂಟಲಿನಲ್ಲೇ ಅಂಕಿಗಳನ್ನೂ ಕಲಿಸಿದ್ದಳು. ಈಗ ಮುತ್ತಮ್ಮ ಕುರ್ಚಿಯಲ್ಲಿ ಕುಳಿತು "ಮೂರು ಬಿಡು, ಎರಡು ಹೊಡಿ" ಎಂದರೆ ಪರದೆಯ ಚೌಕಗಳು ಒಂದೊಂದಾಗಿ ತುಂಬಿಕೊಳ್ಳುತ್ತಿದ್ದವು. ತಪ್ಪಿದರೆ "ಹಿಂದ್ಕೋಗು" ಎಂದರೆ ಸಾಕು, ಅಟ್ಟೆ ಎಸೆಯಬೇಕಾಗಿರಲಿಲ್ಲ. ಸದ್ದು ಸೇರಬಾರದೆಂದು ಫ್ಯಾನು ಆರಿಸುತ್ತಿದ್ದರು, ಕಿಟಕಿ ಮುಚ್ಚುತ್ತಿದ್ದರು, ಒಳಗೆ ಇದ್ದವರೆಲ್ಲ ಬೆವರಿನಲ್ಲಿ ನೆನೆಯುತ್ತಿದ್ದರು. ವಾರದ ಕೆಲಸ ಒಂದು ದಿನದಲ್ಲಿ ಮುಗಿಯಿತು. ಇನ್ನೂ ಸರಿಯಾಗಿ ಹೇಳಬೇಕೆಂದರೆ ಅರ್ಧ ದಿನದಲ್ಲಿ. ಉಳಿದರ್ಧ ದಿನ ಅಮ್ಮಾಪೇಟೆಯಿಂದ, ಇಳಂಪಿಳ್ಳೈಯಿಂದ, ಕೊನೆಗೆ ಕೊಳತ್ತೂರಿನಿಂದ ಬಸ್ಸು ಹತ್ತಿ ಬಂದ ಜನ ಕಿಟಕಿಯ ಸಂದಿಗೆ ಕಣ್ಣಿಟ್ಟು ನೋಡಿ ಹೋಗುವುದಕ್ಕೆ ಸರಿಹೋಯಿತು.

ಸುದ್ದಿ ಕರೂರಿಗೂ ಮುಟ್ಟಿತು. ಅಲ್ಲಿಂದ ಪರದೇಶಕ್ಕೆ ಬಟ್ಟೆ ಕಳಿಸುವ ಅಣ್ಣಾಮಲೈ ಎಂಬ ದೊಡ್ಡ ವ್ಯಾಪಾರಿ ಕಾಗದ ಬರೆದ. ಮಾತು ಕೇಳುವ ಮಿಷಿನ್ನನ್ನು ಬಂದು ನೋಡುತ್ತೇನೆ, ಸರಿಯೆನಿಸಿದರೆ ವರ್ಷದ ಡಿಸೈನ್ ಕೆಲಸವನ್ನೆಲ್ಲ ನಿಮಗೇ ಕೊಡುತ್ತೇನೆ. ಧನಶೇಖರ್ ಆ ಕಾಗದಕ್ಕೆ ಗಂಧ ಹಚ್ಚಿ ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿದ. ಮರುದಿನ ಪೇಟೆಗೆ ಹೋಗಿ ಹೂವಿನ ಚಿತ್ರದ ಪರದೆ ಬಟ್ಟೆಯನ್ನೂ ಉದ್ದದ ವೈರನ್ನೂ ತಂದ.

"ಅಕ್ಕಾ, ಪಾರ್ಟಿ ಬರೋ ದಿನ ನೀನು ಈ ಪರದೆ ಹಿಂದೆ ಕೂತ್ಕೊ," ಎಂದ. "ನಾನು ಮುಂದೆ ಕುರ್ಚೀಲಿ ಕೂತು ಬಾಯಿ ಆಡಿಸ್ತೀನಿ."

"ಬೊಂಬೆ ಆಟಾನಾ ತಂಬಿ?" ಅವನು ಚಡ್ಡಿ ಹಾಕಿಕೊಂಡು ಬೀದಿಯಲ್ಲಿ ಗೋಲಿ ಆಡುವಾಗಿನಿಂದ ಮುತ್ತಮ್ಮ ಅವನನ್ನು ತಂಬಿ ಎಂದೇ ಕರೆಯುತ್ತಿದ್ದಳು. ಯಜಮಾನನಾದ ಮೇಲೂ ಬದಲಾಯಿಸಿರಲಿಲ್ಲ.

"ಬೊಂಬೆ ಆಟ ಇಲ್ಲಕ್ಕಾ, ಮರಿಯಾದೆ ವಿಷಯ. ಕಂಪ್ಯೂಟರ್ ಮುಂದೆ ಹೆಬ್ಬೆಟ್ಟು ಒತ್ತೋರು ಕೂತಿದ್ರೆ ಅವರು ಎನ್ನ ನಿನೈಪ್ಪಾಂಗ, ಏನಂದ್ಕೋತಾರೆ?"

"ನಂಗೆ ಎಬ್ಬೆಟ್ಟೂ ಸರ್ಯಾಗಿ ಒತ್ತಕ್ಕೆ ಬರಲ್ಲ," ಎಂದು ಮುತ್ತಮ್ಮ ಕೈ ಎತ್ತಿ ತೋರಿಸಿದಳು. "ಓಗ್ಲಿ, ಅವ್ರು ಓದ ಮ್ಯಾಕೆ?"

ಧನಶೇಖರ್ ವೈರಿನ ಸುರುಳಿ ಬಿಚ್ಚುತ್ತ ಅವಳ ಕಡೆ ನೋಡದೆ ಹೇಳಿದ. "ಆಮೇಲೂ ಹಂಗೇ. ಕೆಲಸ ಜಾಸ್ತಿ ಆದ್ರೆ ಜನ ಬರ್ತಾ ಇರ್ತಾರೆ. ಕುರ್ಚಿ ಇಂದುಜಾಗೆ ಇರಲಿ, ಅವಳ ಸರ್ಟಿಫಿಕೇಟ್ ಗೋಡೆ ಮೇಲೆ ಐತೆ. ನೀನು ಮೊದಲಿನಂಗೆ ಚಾಪೇಲಿ ಕೂತು ಹೇಳು. ಅದಕ್ಕೇ ಉದ್ದ ವೈರು."

"ಸರ್, ನನಗೆ ಬೇಡ," ಎಂದಳು ಇಂದುಜಾ.

"ನಿನ್ನ ಕೇಳಲಿಲ್ಲಮ್ಮಾ."

ಮುತ್ತಮ್ಮ ತಲೆಯಿಂದ ಮೈಕನ್ನು ಮಣಿಕಟ್ಟಿನಲ್ಲಿ ಮೇಲಕ್ಕೆ ನೂಕಿ ಮಡಿಲಿಗೆ ಬೀಳಿಸಿಕೊಂಡಳು. "ಎರಡು ತಿಂಗ್ಳಿಂದ ಇದ್ರಾಗೆ ಕುಂತು ಇದಕ್ಕೆ ಕೆಲ್ಸ ಏಳ್ತಿರೋಳು ನಾನು. ಬಂದೋರ್ಗೆ ನನ್ ಮೊಕ ತೋರ್ಸು. ಮೊಕ ಬ್ಯಾಡ ಅಂದ್ರೆ ಬಾಯೂ ಇಲ್ಲ."

"ಅಷ್ಟು ತಿಮಿರಾ, ಅಷ್ಟು ಕೊಬ್ಬಾ ನಿನಗೆ?"

"ಐತೆ ತಂಬಿ. ಕೈಯಾಗೆ ಏನೂ ನಿಲ್ಲಲ್ಲ ನೋಡು, ಎಲ್ಲಾ ಗಂಟ್ಲಾಗೇ ಓಗಿ ಸೇರ್ಕಂಡೈತೆ."

ಧನಶೇಖರ್ ಮೌಸು ಹಿಡಿದು ತಾನೇ ಕಂಪ್ಯೂಟರಿನ ಮುಂದೆ ಬಗ್ಗಿದ. ಅದು ಯಾರ್ಯಾರ ಗಂಟಲು ಕಲಿತಿತ್ತೋ ಅವರ ಹೆಸರು ಒಂದು ಪಟ್ಟಿಯಲ್ಲಿ ಇರುತ್ತಿತ್ತು. ಮೇಲಿನ ಸಾಲಿನಲ್ಲಿ ಮುತ್ತಮ್ಮನ ಹೆಸರು. ಅವಳಿಗೆ ಆ ಅಕ್ಷರ ಓದಲು ಬರದಿದ್ದರೂ ಅದು ತನ್ನದೆಂದು ಗೊತ್ತಿತ್ತು. ಅವನು ಒತ್ತಿದ. ಸಾಲು ಕರ್ರಗಾಯಿತು, ಆಮೇಲೆ ಇಲ್ಲವಾಯಿತು. ಮುತ್ತಮ್ಮ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಬೀದಿಗಿಳಿದು ಹೋದಳು. ನಂಜಯ್ಯ ಅವಳ ಹಿಂದೆ ಹೋಗಲು ಎದ್ದವನು ಹೋಗದೆ ನಿಂತ.

ಎರಡು ದಿನ ಬಾಗಿಲು ಹಾಕಿಕೊಂಡು ಧನಶೇಖರ್ ತನ್ನ ಗಂಟಲನ್ನು ಕಂಪ್ಯೂಟರಿಗೆ ಕಲಿಸಿದ. ಬೆಲ್ಲದ ಪಾನಕ ಕುಡಿದ, ಮೊಸರು ಬಿಟ್ಟ, ಹೆಂಡತಿಯ ಹತ್ತಿರ ಮಾತು ನಿಲ್ಲಿಸಿದ. ಎರಡನೆಯ ಸಂಜೆ ಕಂಪ್ಯೂಟರ್ ಅವನ "ಓಪನ್"ಗೆ ಹತ್ತರಲ್ಲಿ ಎಂಟು ಸಲ ತೆರೆಯಿತು. ಅವನು ಆ ರಾತ್ರಿ ಮಲಗಿ ನಿದ್ದೆ ಮಾಡಿದ.

ಅಣ್ಣಾಮಲೈ ಬುಧವಾರ ಹನ್ನೊಂದು ಗಂಟೆಗೆ ಬಂದ. ಬಾಗಿಲು ಅಗಲ ಸಾಲದೆ ಪಕ್ಕಕ್ಕೆ ತಿರುಗಿ ಒಳಗೆ ಬರಬೇಕಾದಂಥ ಆಳು, ಹಿಂದೆ ನಾಲ್ಕು ಜನ. ಕಾಫಿ ಆಯಿತು. ಫ್ಯಾನು ಆರಿಸಿದರು. ಧನಶೇಖರ್ ಮೈಕು ಸಿಕ್ಕಿಸಿಕೊಂಡು, ಗಂಟಲು ಸರಿಮಾಡಿಕೊಂಡು "ಓಪನ್" ಎಂದ. ಬಾಗಿಲು ಹಾಕಿಕೊಂಡು ಕಲಿಸಿದ ಗಂಟಲು ಅದಾಗಿರಲಿಲ್ಲ. ಬಂದವರ ಮುಂದೆ ಅವನಿಗೆ ತಾನಾಗಿಯೇ ಸಭೆಯ ಗಂಟಲು ಬಂದಿತ್ತು. ಕಂಪ್ಯೂಟರ್ ಸುಮ್ಮನಿತ್ತು. ಮತ್ತೆ ಹೇಳಿದ. ಭಯಕ್ಕೆ ಗಂಟಲು ತೆಳುವಾಯಿತು. ಮತ್ತೆ ಹೇಳಿದ, ಒಡೆಯಿತು. ಒಂಬತ್ತನೆಯ ಸಲಕ್ಕೆ ಒಂದು ಪೆಟ್ಟಿಗೆ ತೆರೆದುಕೊಂಡು ಅದರೊಳಗೆ ಇಸ್ಪೀಟ್ ಎಲೆಗಳು ಸಾಲಾಗಿ ಹರಡಿದವು.

"ಏನು ತಂಬಿ," ಎಂದ ಅಣ್ಣಾಮಲೈ ತಮಿಳಿನಲ್ಲಿ, ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ. "ಕರೂರಿನಲ್ಲಿ ಇಸ್ಪೀಟ್ ಆಡಲು ಜಾಗ ಇಲ್ಲ ಅಂತ ಇಷ್ಟು ದೂರ ಬಂದೆನಾ?"

ಇಂದುಜಾ ಧನಶೇಖರನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು. "ಅಕ್ಕನ ಗಂಟಲು ಫ್ಲಾಪೀಲಿ ಇದೆ ಸರ್. ಪ್ರತಿ ಶನಿವಾರ ಕಾಪಿ ತೆಗೀತೀನಿ. ಕೋರ್ಸಲ್ಲಿ ಹಾಗೇ ಕಲಿಸಿದ್ದು."

ಧನಶೇಖರ್ ಅವಳನ್ನು ಬೈಯಲೋ ಕಾಲಿಗೆ ಬೀಳಲೋ ತಿಳಿಯದೆ ನೋಡಿದ. ಬಂದವರಿಗೆ ಇನ್ನೊಂದು ಸುತ್ತು ಕಾಫಿ ಹೇಳಿ ನಂಜಯ್ಯನನ್ನು ಓಡಿಸಿದ.

ಮುತ್ತಮ್ಮನ ಮನೆ ಅಲ್ಲಿಂದ ಹನ್ನೊಂದನೆಯದು. ಅವಳು ಜಗುಲಿಯ ಮೇಲೆ ಕಾಲು ನೀಡಿ ಕುಳಿತಿದ್ದಳು. ನಂಜಯ್ಯ ಹೋದಷ್ಟೇ ವೇಗದಲ್ಲಿ ವಾಪಸು ಬಂದ.

"ಅವ್ರೇ ಬರ್ಲಿ ಅಂತಾರೆ."

ಧನಶೇಖರ್ ಹೋದ. ಬೀದಿಯ ಎರಡೂ ಬದಿಯ ಜಗುಲಿಗಳಲ್ಲಿ ಆ ಹೊತ್ತಿಗೆ ಕನಿಷ್ಠ ಐನೂರು ಜನ ಇದ್ದರು. ಎಲ್ಲರೂ ಬೇರೆ ಯಾವುದೋ ಕೆಲಸ ಮಾಡುತ್ತಿರುವವರಂತೆ ಇದ್ದರು.

"ಅಕ್ಕಾ, ಬಾ."

"ಎಲ್ಗೆ? ಪರದೆ ಇಂದಕ್ಕಾ?"

"ಪರದೆ ತೆಗೆದಾಯ್ತು. ಮುಂದೆನೇ ಕೂತ್ಕೊ. ಇವತ್ತು ಕುರ್ಚಿ ನಿಂದೇ."

"ಇವತ್ತು. ನಾಳೀಕೆ?"

"ಮೊದಲು ಬಾಕ್ಕಾ. ಅವರು ಕೂತಿದ್ದಾರೆ. ಆಮೇಲೆ ಮಾತಾಡೋಣ."

"ಆಮ್ಯಾಕೆ ಅನ್ನೋ ಮಾತು ನಾನು ಇಪ್ಪತ್ತೆರಡು ವರ್ಸದಿಂದ ಕೇಳ್ತಾ ಅವ್ನಿ," ಎಂದಳು ಮುತ್ತಮ್ಮ. ಅಷ್ಟು ಹೇಳಿ ನೀಡಿದ ಕಾಲನ್ನು ಹಾಗೇ ಇಟ್ಟುಕೊಂಡಳು. ಅವಳು ಏಳುವುದಿಲ್ಲ ಎಂದೇ ಬೀದಿ ಅಂದುಕೊಂಡಿತು. ಆಮೇಲೆ ಏನೋ ಯೋಚನೆ ಬಂದವಳಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. "ನಡಿ."

ಒಳಗೆ ಬಂದವಳು ಯಾರಿಗೂ ಕೈ ಮುಗಿಯಲಿಲ್ಲ, ಮುಗಿಯಲು ಬರುತ್ತಲೂ ಇರಲಿಲ್ಲ. ನೇರವಾಗಿ ಹೋಗಿ ಕುರ್ಚಿಯಲ್ಲಿ ಕುಳಿತಳು. ಇಂದುಜಾ ಫ್ಲಾಪಿ ಹಾಕಿ, ಮೈಕು ಸಿಕ್ಕಿಸಿ, ಅವಳ ಹಣೆಯ ಕೂದಲು ಹಿಂದಕ್ಕೆ ಸರಿಸಿದಳು. ಅಣ್ಣಾಮಲೈ ಧನಶೇಖರನ ಕಡೆ ಹುಬ್ಬು ಏರಿಸಿ ನೋಡಿದ.

"ಇವರಾ?"

"ಚೌಡಮ್ಮಾ, ತೆಗಿ," ಎಂದಳು ಮುತ್ತಮ್ಮ.

ಪೆಟ್ಟಿಗೆ ತೆರೆಯಿತು. "ಪಟ್ಟಿ ಇಳಿಸು," ಪಟ್ಟಿ ಇಳಿಯಿತು. ಅಂಚಿನ ಡಿಸೈನು ಪರದೆ ತುಂಬ ಹರಡಿತು, ಅದರಲ್ಲಿ ಸಾಲು ಸಾಲು ನವಿಲು. ಅಣ್ಣಾಮಲೈ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಅವನ ಹಿಂದಿನ ನಾಲ್ವರೂ ಎದ್ದು ನಿಂತರು.

"ಎಲ್ಲಾ ನವಿಲೂ ಒಂದೇ ಕಡೆ ನೋಡ್ತಿವೆ," ಎಂದ ಅಣ್ಣಾಮಲೈ. "ಎರಡೆರಡು ಎದುರುಬದುರು ನೋಡೋ ಹಾಗೆ ಈಗಲೇ ತಿರುಗಿಸೋಕೆ ಆಗುತ್ತಾ? ಕತ್ತು ಇನ್ನೂ ಸ್ವಲ್ಪ ಉದ್ದ ಬೇಕು."

ಇಂದುಜಾ ಅದನ್ನು ಕನ್ನಡದಲ್ಲಿ ಹೇಳುವ ಮೊದಲೇ ಮುತ್ತಮ್ಮ ಶುರು ಮಾಡಿದ್ದಳು. "ಮಗ್ಗುಲಾಗು. ಇಟ್ಕೊ. ನಾಲ್ಕು ಬಿಡು. ಒಂದು ಹೊಡಿ. ಮೂರು ಬಿಡು. ಎರಡು ಹೊಡಿ." ಒಂದು ನವಿಲು ತಿರುಗಿತು, ಎರಡನೆಯದು ತಿರುಗಿತು, ಕತ್ತುಗಳು ಚೌಕ ಚೌಕವಾಗಿ ಉದ್ದವಾದವು. ಫ್ಯಾನಿಲ್ಲದ ಆ ಕೋಣೆಯಲ್ಲಿ ಎಂಟು ಜನರ ಉಸಿರು ನಿಂತಿತ್ತು. ಅವಳ ಉಸಿರು ಮಾತ್ರ ಎಣಿಸಿದಂತೆ ಬರುತ್ತಿತ್ತು. ಐದನೆಯ ನವಿಲಿನ ಕತ್ತು ಅರ್ಧಕ್ಕೆ ಬಂದಿತ್ತು. ತಲೆ ಇನ್ನೂ ಬಂದಿರಲಿಲ್ಲ.

"ಮಲಕೊ," ಎಂದಳು ಮುತ್ತಮ್ಮ.

ಕಂಪ್ಯೂಟರ್ ಕೇಳುವುದನ್ನು ನಿಲ್ಲಿಸಿತು. ಪರದೆಯ ಮೂಲೆಯಲ್ಲಿದ್ದ ಹಸಿರು ಚುಕ್ಕಿ ಕೆಂಪಾಯಿತು.

ಅವಳು ನಿಲ್ಲಿಸಲಿಲ್ಲ. ಅದೇ ಗಂಟಲಿನಲ್ಲಿ, ಅದೇ ವೇಗದಲ್ಲಿ, ಪರದೆಯಿಂದ ಕಣ್ಣು ತೆಗೆಯದೆ, ಸಾಲು ಕೂಗುವ ಹಾಗೆಯೇ ಕೂಗಿದಳು. "ಇಪ್ಪತ್ತೆರಡು ವರ್ಸ ನೆಲದ ಮ್ಯಾಲೆ ಕುಂತಿವ್ನಿ. ನಿಮ್ಮಪ್ಪನ ಕಾಲ್ದಾಗೂ ಕುಂತಿವ್ನಿ. ನೀನು ನನ್ ಎಸ್ರು ಅಳಿಸ್ದೆ. ಇವತ್ತು ಕುರ್ಚಿ ನಂದು ಅಂದೆ. ನಾಳೀಕೆ ಯಾರ್ದು ಅನ್ನೋದು ಇವ್ರು ಕುಂತಿರಾವಾಗ್ಲೇ ಬಾಯಿಬಿಟ್ಟು ಏಳು. ಏಳೋಗಂಟ ನವಿಲಿಗೆ ತಲೆ ಬರಲ್ಲ."

ಅಣ್ಣಾಮಲೈ ತಲೆಯಾಡಿಸುತ್ತ ಕೇಳುತ್ತಿದ್ದ. ಕನ್ನಡ ಬಾರದ ಕರೂರಿನವನಿಗೆ 'ವರ್ಸ' ಎನ್ನುವುದೊಂದು ಕಿವಿಗೆ ಬಿದ್ದಿರಬಹುದು, ಉಳಿದದ್ದೆಲ್ಲ ಅಂಕಿಗಳ ಜೊತೆಯ ಅಂಕಿಗಳೇ. "ಎಷ್ಟು ದೊಡ್ಡ ಕಮಾಂಡು," ಎಂದು ಪಕ್ಕದವನಿಗೆ ಹೇಳಿದ.

ನಂಜಯ್ಯ ಗೋಡೆಯ ಕಡೆ ಮುಖ ಮಾಡಿ ನಿಂತ. ಅವನ ಭುಜ ಅಲ್ಲಾಡುತ್ತಿತ್ತು. ಇಂದುಜಾ ತನ್ನ ಕಾಲಿನ ಉಗುರು ನೋಡುತ್ತಿದ್ದಳು. ಧನಶೇಖರನಿಗೆ ಒಂದೊಂದು ಅಕ್ಷರವೂ ತಿಳಿದಿತ್ತು. ಅವನು ಬಂದವರ ಕಡೆ ನಗುತ್ತಲೇ ಇದ್ದ, ಆ ನಗು ಅವನ ಮುಖದ ಮೇಲೆ ಒಣಗಿ ಅಂಟಿಕೊಂಡಿತ್ತು.

"ಏನಾಯ್ತು, ನಿಂತುಹೋಯ್ತಾ?" ಎಂದ ಅಣ್ಣಾಮಲೈ.

"ಇಲ್ಲ ಸರ್," ಎಂದ ಧನಶೇಖರ್. ಮುತ್ತಮ್ಮನ ಕಡೆ ಬಗ್ಗಿ, ಹಲ್ಲುಗಳ ನಡುವಿನಿಂದ ಹೇಳಿದ. "ಸಾಕಕ್ಕಾ. ಮುಗಿಸು."

ಮುತ್ತಮ್ಮ ಪರದೆ ನೋಡುತ್ತಿದ್ದಳು. ಅವಳ ಮುಖದಲ್ಲಿ ಕೋಪವೂ ಇರಲಿಲ್ಲ, ಅವಸರವೂ ಇರಲಿಲ್ಲ. ಸಾಲಿನ ಕೊನೆಯಲ್ಲಿ ಹೊಡೆಯುವವನಿಗಾಗಿ ಕಾಯುವಾಗ ಹೇಗಿರುತ್ತಿದ್ದಳೋ ಹಾಗೇ ಇದ್ದಳು. ಹೊಡೆಯುವವನು ಹೊಡೆಯದಿದ್ದರೆ ಸಂಜೆಯವರೆಗೂ ಹಾಗೇ ಇರಬಲ್ಲವಳು. ಅದು ನಂಜಯ್ಯನಿಗೆ ಗೊತ್ತಿತ್ತು, ಬೀದಿಗೆ ಗೊತ್ತಿತ್ತು. ಧನಶೇಖರನಿಗೂ ಗೊತ್ತಿತ್ತು. ತಲೆಯಿಲ್ಲದ ನವಿಲು ಅಣ್ಣಾಮಲೈಯನ್ನು ನೋಡುತ್ತಿತ್ತು. ಅಣ್ಣಾಮಲೈ ಗಡಿಯಾರ ನೋಡಿಕೊಂಡ.

ಧನಶೇಖರ್ ನೆಟ್ಟಗೆ ನಿಂತ. ಹಣೆಯ ಬೆವರು ಕಣ್ಣಿಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ.

"ನಿಂದೇ ಅಕ್ಕಾ," ಎಂದ. "ನಾಳೇನೂ ನಿಂದೇ."

"ಎದ್ದು ಬಾ," ಎಂದಳು ಮುತ್ತಮ್ಮ. ಕೆಂಪು ಚುಕ್ಕಿ ಹಸಿರಾಯಿತು. "ಎರಡು ಬಿಡು. ಐದು ಹೊಡಿ. ಒಂದು ಬಿಡು. ಒಂದು ಹೊಡಿ." ಐದನೆಯ ನವಿಲಿಗೆ ತಲೆ ಬಂತು, ತಲೆಗೆ ಕೊಕ್ಕು ಬಂತು, ಕೊಕ್ಕಿನ ಮುಂದೆ ಅದರ ಜೋಡಿ ಬಂತು.

ಅಣ್ಣಾಮಲೈ ತೊಡೆ ತಟ್ಟಿಕೊಂಡ. "ಈಗ ಗೊತ್ತಾಯ್ತು. ನಡುವೆ ನೀವೂ ಒಂದು ಮಾತು ಹೇಳ್ಬೇಕು, ಆಗಲೇ ಅದು ಮುಂದಕ್ಕೆ ಹೋಗೋದು. ಬ್ಯಾಂಕ್ ಲಾಕರಿಗೆ ಎರಡು ಬೀಗದ ಕೈ ಇದ್ದ ಹಾಗೆ. ಒಳ್ಳೆ ಏರ್ಪಾಡು."

"ಆಮಾ ಸರ್," ಎಂದ ಧನಶೇಖರ್. "ಹಂಗೇನೇ."

ಅಣ್ಣಾಮಲೈ ಹೊರಡುವ ಮೊದಲು ಮುತ್ತಮ್ಮನ ಕುರ್ಚಿಯ ಹತ್ತಿರ ಬಂದು, ಹೆಸರೇನಮ್ಮಾ ಎಂದು ಕೇಳಿ, ತನ್ನ ಜೊತೆ ಬಂದವನ ಡೈರಿಯಲ್ಲಿ ಬರೆಸಿಕೊಂಡ. ಡಿಸೈನಿನ ವಿಷಯ ಇವರ ಹತ್ತಿರವೇ ಮಾತಾಡಬೇಕು ಎಂದು ತಾಕೀತು ಮಾಡಿದ. ಧನಶೇಖರ್ ಅವರನ್ನೆಲ್ಲ ಕಾರಿನವರೆಗೆ ಬಿಟ್ಟು ಬರಲು ಹೋದ. ಇಡೀ ಬೀದಿ ಕಾರಿನ ಸುತ್ತ ಸೇರಿತು.

ಅಷ್ಟರಲ್ಲಿ ಕರೆಂಟು ಹೋಯಿತು. ನವಿಲುಗಳೆಲ್ಲ ಒಂದೇ ಸಲಕ್ಕೆ ಆರಿದವು. ಅದೃಷ್ಟಕ್ಕೆ ಮುತ್ತಮ್ಮ ಕೊನೆಯ ಸಾಲು ಮುಗಿಸಿ "ಇಟ್ಕೊ" ಎಂದು ಆಗಲೇ ಹೇಳಿದ್ದಳು, ಅವು ಕಂಪ್ಯೂಟರಿನೊಳಗೆ ಉಳಿದಿದ್ದವು. ಇಂದುಜಾ ಮತ್ತು ನಂಜಯ್ಯ ಗಾಳಿಗೆಂದು ಹೊರಗೆ ಹೋದರು. ನೀವೂ ಬನ್ನಿ ಎಂದು ಇಂದುಜಾ ಕರೆದಳು. ಮುತ್ತಮ್ಮ ಬರುವುದಿಲ್ಲವೆಂದು ತಲೆಯಾಡಿಸಿದಳು. ಮೈಕು ತಲೆಯ ಮೇಲೆ ಹಾಗೇ ಇತ್ತು.

ಸ್ವಲ್ಪ ಹೊತ್ತಿಗೆ ಧನಶೇಖರ್ ಒಳಗೆ ಬಂದ. ಅವನ ಕೈಯಲ್ಲಿ ಬಂದವರಿಗೆ ತರಿಸಿ ಮಿಕ್ಕಿದ ಕಾಫಿ, ಒಂದು ಸ್ಟೀಲ್ ಲೋಟದಲ್ಲಿ. ಮೇಜಿನ ಮೇಲೆ ಇಟ್ಟ. ಆಮೇಲೆ ಏನೋ ನೆನಪಾಗಿ, ಎತ್ತಿ, ಅವಳಿಗೆ ಎಟುಕುವ ಅಂಚಿಗೆ ಸರಿಸಿದ. ಮುತ್ತಮ್ಮ ಎರಡು ಮಣಿಕಟ್ಟುಗಳ ನಡುವೆ ಲೋಟವನ್ನು ಹಿಡಿದು ಬಾಯಿಗೆ ಎತ್ತಿದಳು. ಬಿಸಿ ಇತ್ತು. ಊದಿ ಊದಿ, ಅವಸರವಿಲ್ಲದೆ ಕುಡಿದಳು. ಹೊರಗೆ ಯಾರೋ ಅವನನ್ನು ಎರಡು ಸಲ ಹೆಸರು ಹಿಡಿದು ಕೂಗಿದರು. ಅವನು ಹೋಗಲಿಲ್ಲ. ಖಾಲಿ ಲೋಟವನ್ನು ಇಸಿದುಕೊಳ್ಳಲು ಕೈ ಚಾಚಿ, ಕತ್ತಲಾದ ಪರದೆಯ ಪಕ್ಕದಲ್ಲಿ ನಿಂತೇ ಇದ್ದ.